ತೊಗರಿ ಹೊಲದಲ್ಲಿ ನೀರು ನಿಂತರೆ ವಿಮೆಗೆ ಹೋಗಬೇಕಾ, ಪರಿಹಾರಕ್ಕೆ ಹೋಗಬೇಕಾ?

ಕರಿಮಣ್ಣು:
ಸೇಡಂ ಕಡೆ ಮಳೆಯಾಶ್ರಿತ ತೊಗರಿ, 3 ಎಕರೆ, ಪಹಣಿ ಅಮ್ಮನ ಹೆಸರಲ್ಲಿ. ಅಕ್ಕಡಿಯಾಗಿ (ನಡುವಿನ ಸಾಲಲ್ಲಿ) ಹಾಕಿದ್ದ ಹೆಸರುಕಾಳು ರಾಶಿ ಆಗಿದೆ. ನಿನ್ನೆ ರಾತ್ರಿಯ ಮಳೆಗೆ ಅರ್ಧ ಹೊಲದಲ್ಲಿ ನೀರು ನಿಂತಿದೆ. ಫಸಲ್ ಬಿಮಾ (ಬೆಳೆ ವಿಮೆ) ಕಂತು ಕಟ್ಟಿದೆ. ವಿಮೆ ಕೇಳಿದರೆ ಸರ್ಕಾರದ ಪರಿಹಾರ ತಪ್ಪುತ್ತದಾ? ಪಕ್ಕದ 1 ಎಕರೆ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದೆ. ಅದಕ್ಕೇನು ದಾರಿ?

ಬದುಗಟ್ಟಿ:
ತಪ್ಪೋದಿಲ್ಲ, ಎರಡೂ ಬೇರೆ ಬೇರೆ ದಾರಿ. ಆದರೆ ವಿಮೆಯ ಗಡಿಯಾರ ನಿನ್ನೆ ರಾತ್ರಿಯೇ ಶುರುವಾಗಿದೆ: 72 ಗಂಟೆಯೊಳಗೆ ದೂರು ದಾಖಲಾಗಬೇಕು. 14447ಕ್ಕೆ ಫೋನ್ ಮಾಡಿ, ಇಲ್ಲವೇ ಕ್ರಾಪ್ ಇನ್ಶೂರೆನ್ಸ್ ಆ್ಯಪ್‌ನಲ್ಲಿ ಹಾಕಿ. ವಿಮೆಯ ಅರ್ಜಿ ಸಂಖ್ಯೆ, ಸರ್ವೆ ನಂಬರ್, ಹಾನಿಯಾದ ದಿನ, ಎಷ್ಟು ಎಕರೆ ಎಂಬುದು ಕೈಯಲ್ಲಿರಲಿ. ಕೊನೆಗೆ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದುಕೊಳ್ಳದೆ ಫೋನ್ ಇಡಬೇಡಿ. ರೈತ ಸಂಪರ್ಕ ಕೇಂದ್ರಕ್ಕೂ ಒಂದು ಅರ್ಜಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ.

ಜನ ಎಡವುವುದು ಕಾರಣ ಹೇಳುವಾಗ. "ಹೊಲದಲ್ಲಿ ನೀರು ನಿಂತಿದೆ, ಮುಳುಗಡೆ" ಎಂದೇ ಹೇಳಿ. ನಾಲ್ಕು ದಿನ ಬಿಟ್ಟು, ಗಿಡ ಬಾಡಿದ ಮೇಲೆ ಫೋನ್ ಮಾಡಿ "ನೆಟೆ ರೋಗ" ಅಂದರೆ ಮುಗಿಯಿತು. ರೋಗ, ಕೀಟ ಸ್ಥಳೀಯ ವಿಕೋಪದ (ಒಬ್ಬೊಬ್ಬರ ಹೊಲ ನೋಡಿ ವಿಮೆ ಕೊಡುವ ಹಾನಿಯ) ಪಟ್ಟಿಯಲ್ಲಿಲ್ಲ. ಆಲಿಕಲ್ಲು, ಮುಳುಗಡೆ, ಭೂಕುಸಿತ, ಮೇಘಸ್ಫೋಟ, ಸಿಡಿಲಿನ ಬೆಂಕಿ ಇವೆ. ತೊಗರಿ ಬೇರಿಗೆ ಎರಡು ಮೂರು ದಿನ ಗಾಳಿಯಾಡದಿದ್ದರೆ ಸಾಕು, ನೀರು ಇಳಿದ ಮೇಲೂ ಗಿಡ ಸಾಯುತ್ತದೆ. ನೋಡುವವರಿಗೆ ಅದು ರೋಗದ ಹಾಗೇ ಕಾಣುತ್ತದೆ. ಹಾಗಾಗಿ ನೀರು ಇರುವಾಗಲೇ, ಬದುವೋ ಬೇವಿನ ಮರವೋ ಗುರುತು ಸಿಗುವಂತೆ, ಜಿಪಿಎಸ್ ಬೀಳುವ ಫೋಟೊ ತೆಗೆದಿಡಿ.

ಲೆಕ್ಕದ ಪುಸ್ತಕ:
ಮೇಲಿನದು ಸರಿ. ಆದರೆ ಈಗಲೇ ಪೂರ್ತಿ ವಿಮಾ ಮೊತ್ತ ಸಿಗುತ್ತದೆ ಅಂದುಕೊಳ್ಳಬೇಡಿ. ಸ್ಥಳೀಯ ವಿಕೋಪದಲ್ಲಿ, ಹಾನಿಯಾದ ದಿನದವರೆಗೆ ಬೆಳೆಗೆ ತಗಲಿರಬಹುದಾದ ಖರ್ಚಿನ ಅನುಪಾತಕ್ಕೆ ಮಾತ್ರ ಲೆಕ್ಕ.

ಹಂಗಾಮು ಮುಗಿದ ಮೇಲೆ ಇನ್ನೊಂದು ಲೆಕ್ಕ ಇದೆ, ಅದಕ್ಕೆ ದೂರು ಬೇಕಿಲ್ಲ. ಮುಖ್ಯ ಬೆಳೆಯಾದರೆ ಗ್ರಾಮ ಪಂಚಾಯಿತಿಗೆ ಕನಿಷ್ಠ 4 ಕಟಾವು ಪ್ರಯೋಗ (ಆಯ್ದ ಹೊಲಗಳಲ್ಲಿ ಕೊಯ್ದು ಇಳುವರಿ ತೂಗುವುದು). ಕಳೆದ 7 ವರ್ಷಗಳಲ್ಲಿ ಒಳ್ಳೆಯ 5 ವರ್ಷದ ಸರಾಸರಿಯನ್ನು ನಷ್ಟಭರ್ತಿ ಮಟ್ಟದಿಂದ (ಬೆಳೆಗೆ ನಿಗದಿಯಾದ ಶೇಕಡಾ ಪ್ರಮಾಣ) ಗುಣಿಸಿದರೆ ಖಾತರಿ ಇಳುವರಿ. ಅದು ಎಕರೆಗೆ 3 ಕ್ವಿಂಟಾಲ್ ಎಂದಿಟ್ಟುಕೊಳ್ಳಿ, ಪ್ರಯೋಗದಲ್ಲಿ 2.25 ಬಂದರೆ ಕೊರತೆ 25%. ವಿಮಾ ಮೊತ್ತ ಎಕರೆಗೆ 20,000 ಇದ್ದರೆ 5,000 ರೂ. ಇದು ಮೊದಲು ಕೊಟ್ಟಿದ್ದಕ್ಕಿಂತ ಹೆಚ್ಚಾದರೆ ವ್ಯತ್ಯಾಸ ಮಾತ್ರ ಜಮೆ. ಹೊಲ ಪೂರ್ತಿ ಹೋಗಿದ್ದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿ ಬಂದರೆ ಈ ಲೆಕ್ಕದಲ್ಲಿ ಸೊನ್ನೆ. ಯೋಜನೆಯ ದೊಡ್ಡ ಕೊರತೆ ಇದೇ, ನನ್ನ ಮಟ್ಟಿಗೆ. ಅದಕ್ಕೇ 72 ಗಂಟೆಯ ದೂರು ಬಿಡಬಾರದು.

ಸರ್ಕಾರದ ಪರಿಹಾರ ವಿಪತ್ತು ನಿಧಿಯದು: 33% ಅಥವಾ ಅದಕ್ಕಿಂತ ಹೆಚ್ಚು ಹಾನಿ, ಗರಿಷ್ಠ 2 ಹೆಕ್ಟೇರ್. 2022-23ರಿಂದ 2025-26ರ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಒಂದು ಹೆಕ್ಟೇರ್ ಅಂದರೆ 2 ಎಕರೆ 19 ಗುಂಟೆ. ನಿಮ್ಮ ಒಂದೂವರೆ ಎಕರೆಗೆ ಸುಮಾರು 5,160 ರೂ.

ಕರಿಮಣ್ಣು:
ಡಾಕೆಟ್ ನಂಬರ್ ಸಿಕ್ತು ಸರ್. ಆದರೆ ಬೆಳೆ ಸಮೀಕ್ಷೆಯಲ್ಲಿ ತೊಗರಿ 2 ಎಕರೆ, ಹೆಸರುಕಾಳು 1 ಎಕರೆ ಅಂತಿದೆ. ವಿಮೆ ತೊಗರಿಗೆ 3 ಎಕರೆಗೆ.

ಬದುಗಟ್ಟಿ:
ಇದು ಮಳೆಗಿಂತ ದೊಡ್ಡ ಅಡ್ಡಿ. ವಿಮೆ ಇರುವ ಬೆಳೆ, ಸಮೀಕ್ಷೆಯ ಬೆಳೆ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್, ಹಿಸ್ಸಾ ಹಾಕಿ, ತೆಗೆದ ಫೋಟೊ ಸಮೇತ ನೋಡಿ. ತಪ್ಪಿದ್ದರೆ ಅವಧಿ ಮುಗಿಯುವ ಮೊದಲೇ ಅಲ್ಲೇ ಆಕ್ಷೇಪಣೆ ಹಾಕಿ. ಸಾಲುಗಳ ಪ್ರಮಾಣ ನಿಜಕ್ಕೂ 2:1 ಇದ್ದರೆ ಮಾತ್ರ ದಾಖಲೆ ಸರಿ, ಆಗ ವಿಮೆಯನ್ನೇ 2 ಎಕರೆಗೆ ಮಾಡಿಸಬೇಕಿತ್ತು. ಅಮ್ಮನ ಎಫ್‌ಐಡಿಯಲ್ಲಿ (ರೈತರ ಗುರುತಿನ ಸಂಖ್ಯೆ) ಈ ಸರ್ವೆ ನಂಬರ್ ಸೇರಿದೆಯಾ ಎಂದೂ ನೋಡಿ. ಸರ್ಕಾರದ ‘ಪರಿಹಾರ’ ತಂತ್ರಾಂಶ ಎತ್ತಿಕೊಳ್ಳುವುದು ಅದನ್ನೇ.

ನಾಡಕಚೇರಿ ಕಟ್ಟೆ:
ಅಜ್ಜನ ಹೆಸರಿನ 1 ಎಕರೆಗೆ ಈ ಹಂಗಾಮಿನಲ್ಲಿ ಭರವಸೆ ಇಟ್ಟುಕೊಳ್ಳಬೇಡಿ. ಎಫ್‌ಐಡಿಗೆ ಆಧಾರ್ ಬೇಕು. ತೀರಿಕೊಂಡವರ ಹೆಸರಲ್ಲಿ ಹಣ ಜಮೆ ಆಗಲ್ಲ. ಮರಣ ಪ್ರಮಾಣಪತ್ರ, ವಂಶಾವಳಿ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ (ತೀರಿಕೊಂಡವರ ಪಹಣಿ ವಾರಸುದಾರರಿಗೆ ಬದಲಾಯಿಸಲು) ಅರ್ಜಿ ಕೊಡಿ. ಮರಣವೇ ನೋಂದಣಿಯಾಗಿಲ್ಲದಿದ್ದರೆ ತಿಂಗಳುಗಟ್ಟಲೆ ಹಿಡಿಯುವುದು ಅದೊಂದೇ ಕೆಲಸ. ಪೌತಿಯಾದರೆ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತದೆ. ಬೇರೆ ಬೇರೆ ಪಹಣಿ ಬೇಕೆಂದರೆ ವಿಭಾಗ, 11ಇ ನಕ್ಷೆ (ಭಾಗ ಅಳೆದು ತೋರಿಸುವ ಸರ್ವೆ ನಕ್ಷೆ) ಆಗಬೇಕು. ಪಿಎಂ ಕಿಸಾನ್ ಹಣಕ್ಕೆ 1-2-2019ರೊಳಗೆ ಜಮೀನು ಹೆಸರಲ್ಲಿರಬೇಕು ಎಂಬ ಗಡಿ ಇದ್ದರೂ, ವಾರಸಾಗಿ ಬಂದ ಜಮೀನಿಗೆ ಅದು ಅಡ್ಡಿಯಿಲ್ಲ.

ಇನ್ನೊಂದು: ಅಮ್ಮನ ಆಧಾರ್ ಯಾವ ಬ್ಯಾಂಕ್ ಖಾತೆಗೆ ಎನ್‌ಪಿಸಿಐ ಮ್ಯಾಪ್ ಆಗಿದೆ (ಹಣ ಜಮೆಗೆ ಜೋಡಣೆಯಾಗಿದೆ) ಎಂದು ಇವತ್ತೇ ಕೇಳಿ. ಹಣ ಪಾಸ್‌ಬುಕ್ ನಕಲು ಕೊಟ್ಟ ಖಾತೆಗೆ ಬರಲ್ಲ, ಮ್ಯಾಪ್ ಆದ ಖಾತೆಗೇ ಹೋಗುತ್ತದೆ.