ಎಡಗೈ ಬೆರಳ ತುದಿ ಮಾತ್ರ ಸೀಳುತ್ತದೆ, ಯಾಕೆ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಉಡುಪಿ ಹತ್ತಿರ ನಮ್ಮ ಮನೆ. ಊಟದ ಆರ್ಡರ್ ತೆಗೆದುಕೊಂಡು ಅಡುಗೆ ಮಾಡಿಕೊಡುತ್ತೇನೆ. ಕೆಲವು ವರ್ಷಗಳಿಂದ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಒಣಗಿ ಸೀಳುತ್ತಿದೆ. ಹುಣಸೆಹುಳಿ ಕಿವುಚಿದರೆ ಕಣ್ಣಲ್ಲಿ ನೀರು ಬರುತ್ತದೆ. ಇಸಬು ಅಂತ ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ಕೊಟ್ಟರು. ಹಚ್ಚಿದರೆ ಕಡಿಮೆ, ಬಿಟ್ಟರೆ ಮತ್ತೆ ಶುರು. ಇಷ್ಟು ಸೆಖೆಯ ಊರಲ್ಲಿ ಚರ್ಮ ಒಣಗುವುದು ಹೇಗೆ?

ಉತ್ತರ (ಚರ್ಮರೋಗ ವೈದ್ಯರು): ಕೈ ನೋಡದೆ ಖಂಡಿತ ಅಂತ ಹೇಳುವುದಿಲ್ಲ. ಆದರೆ ಆ ಮೂರು ಬೆರಳು ಅಂದ ಕೂಡಲೇ ನನಗೆ ಬೆಳ್ಳುಳ್ಳಿ ಮೇಲೆ ಅನುಮಾನ. ಬಲಗೈಯಲ್ಲಿ ಚಾಕು ಹಿಡಿಯುವವರು ಎಸಳನ್ನು ಹಿಡಿಯುವುದು ಅದೇ ಬೆರಳುಗಳಲ್ಲಿ, ಅಲ್ವಾ? ಬೆಳ್ಳುಳ್ಳಿಯಲ್ಲಿರುವ ಡೈಅಲೈಲ್ ಡೈಸಲ್ಫೈಡ್ ಎಂಬ ಅಂಶ ಕೆಲವರಿಗೆ ಅಲರ್ಜಿ ತರುತ್ತದೆ. ಮಾಮೂಲಿ ಗ್ಲೌಸನ್ನೂ ದಾಟಿ ಬರುತ್ತದೆ. ಹಾಗಾಗಿ ಸುಲಿಯುವ, ಹೆಚ್ಚುವ ಕೆಲಸ ಸದ್ಯಕ್ಕೆ ಮನೆಯ ಬೇರೆಯವರು ಮಾಡಲಿ.

ಖಚಿತಪಡಿಸಲು ಪ್ಯಾಚ್ ಟೆಸ್ಟ್ ಉಂಟು. ಅನುಮಾನವಿರುವ ವಸ್ತುಗಳನ್ನು ಸ್ವಲ್ಪ ಸ್ವಲ್ಪ ಹಾಕಿದ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 48 ಗಂಟೆಗೆ ತೆಗೆದು ನೋಡುತ್ತೇವೆ, 96 ಗಂಟೆಗೆ ಇನ್ನೊಮ್ಮೆ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು, ಬೆವರಲೂಬಾರದು. ನಮ್ಮೂರ ಮೇ ತಿಂಗಳಲ್ಲಿ ಅದು ಆಗುವ ಮಾತಲ್ಲ, ಡಿಸೆಂಬರಿಗೆ ಇಟ್ಟುಕೊಳ್ಳಿ. ಹಸಿ ಬೆಳ್ಳುಳ್ಳಿಯನ್ನೇ ಚರ್ಮಕ್ಕೆ ಕಟ್ಟಿ ಪರೀಕ್ಷೆ ಮಾಡಲು ಹೋಗಬೇಡಿ. ಸುಟ್ಟ ಗಾಯ ಆಗುತ್ತದೆ.

ಸೆಖೆ ಎಷ್ಟಿದ್ದರೂ ದಿನವಿಡೀ ನೀರು, ಪಾತ್ರೆ ಸೋಪು ತಾಗಿದರೆ ಚರ್ಮದ ಜಿಡ್ಡು ಹೋಗುತ್ತದೆ. ಜಿಡ್ಡಿಲ್ಲದ ಚರ್ಮದಲ್ಲಿ ತೇವ ನಿಲ್ಲುವುದಿಲ್ಲ. ಕೈ ತೊಳೆದು ಒತ್ತಿ ಒರೆಸಿ, ಪಸೆ ಆರುವ ಮೊದಲೇ ವ್ಯಾಸಲಿನ್ ಹಚ್ಚಿ. ರಾತ್ರಿ ದಪ್ಪಗೆ ಹಚ್ಚಿ ಹಳೆಯ ಕಾಟನ್ ಸಾಕ್ಸ್ ಕೈಗೆ ಹಾಕಿಕೊಂಡು ಮಲಗಿ. ಗಂಡ, ಮಕ್ಕಳು ನಗಲಿ ಬಿಡಿ.

ಆ ಟ್ಯೂಬಿನ ಹೆಸರು ಹಾಕಿ. ಸ್ಟಿರಾಯ್ಡ್, ಫಂಗಸ್ ಔಷಧ, ಆ್ಯಂಟಿಬಯೋಟಿಕ್ ಎಲ್ಲ ಬೆರೆಸಿದ್ದಾದರೆ ನಿಲ್ಲಿಸಿ. ಸ್ಟಿರಾಯ್ಡ್ ಕೆಟ್ಟದ್ದಲ್ಲ, ಎಷ್ಟು ದಿನ ಎಂದು ಯಾರೂ ಹೇಳದೆ ಹಚ್ಚುವುದು ಕೆಟ್ಟದ್ದು. ಮುಲಾಮನ್ನು ತೋರುಬೆರಳ ತುದಿಗೆ ಹತ್ತಿರದ ಗೆರೆಯಿಂದ ತುದಿಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು, ಬೆರಳೂ ಸೇರಿ ಎರಡು ಅಂಗೈಯಗಲ ಜಾಗಕ್ಕೆ ಸಾಕು. ನಿಮ್ಮ ಬೆರಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ಬೇಕು.

ಪ್ರಶ್ನೆ ಕೇಳಿದವರು: ಬೆಳ್ಳುಳ್ಳಿ ಸುಲಿಯುವುದು ನಾನೇ, ಅದೂ ರಾಶಿಗಟ್ಟಲೆ! ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿದರೆ ಬೆವರಿ ತುರಿಕೆ ಜಾಸ್ತಿಯಾಗುತ್ತದೆ.

ಇನ್ನೊಬ್ಬರು (ಮಂಗಳೂರು): ಅಕ್ಕ, ಬದನೆ, ಸಿಗಡಿ, ಬಂಗುಡೆ ಬಿಡಿ. ಎಲ್ಲ ನಂಜು. ನಮ್ಮ ಅಜ್ಜಿ ಅದನ್ನೇ ಹೇಳುತ್ತಿದ್ದರು.

ಉತ್ತರ: ಅಜ್ಜಿಯ ಮೇಲೆ ಗೌರವ ಉಂಟು, ಆದರೆ ಸುಮ್ನೆ ಮೀನು ಬಿಡಬೇಡಿ. ಕೈಯ ಇಸಬು ಹೆಚ್ಚಾಗಿ ಬರುವುದು ತಿಂದದ್ದರಿಂದ ಅಲ್ಲ, ಮುಟ್ಟಿದ್ದರಿಂದ. ಹಸಿ ಸಿಗಡಿ ಮುಟ್ಟಿದ ಕೆಲವೇ ನಿಮಿಷದಲ್ಲಿ ತುರಿಕೆ, ದದ್ದು ಬಂದರೆ ಮಾತ್ರ ಆ ಮಾತು ಬೇರೆ, ಆಗ ತಿಳಿಸಿ.

ಗ್ಲೌಸಿನ ಒಳಗೆ ತೆಳು ಕಾಟನ್ ಗ್ಲೌಸ್ ಹಾಕಿ. ಒದ್ದೆಯಾದರೆ ಬದಲಿಸಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಕೈಗೆ ಗಾಳಿ ಆಡಿಸಿ. ಉಂಗುರ ತೆಗೆದಿಡಿ, ಅದರಡಿ ಸೋಪು ಕೂರುತ್ತದೆ. ಸೀಳು ಮುಚ್ಚಿದ ಮೇಲೂ ಚರ್ಮ ಒಳಗೊಳಗೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ವ್ಯಾಸಲಿನ್ ನಿಲ್ಲಿಸಬೇಡಿ. ಕೀವು, ಹಳದಿ ಹಕ್ಕಳೆ, ಬಾವು ಕಂಡರೆ ಇಲ್ಲಿ ಕೇಳುತ್ತ ಕೂರದೆ ಹತ್ತಿರದ ವೈದ್ಯರಿಗೆ ತೋರಿಸಿ.