ಹಾವಿನ ಉಸಿರಾಟದ ಕಾಯಿಲೆ: ‘ಬುಸ್’ ಅಲ್ಲದ ಸದ್ದಿಗೆ ಪದ ಯಾವುದು?

ಮಾನ್ಯರೇ,

ಮನೆಯಲ್ಲಿ ವಿದೇಶಿ ಹಾವುಗಳನ್ನು ಸಾಕಿಕೊಂಡಿರುವವರು ಈಗ ಶಿವಮೊಗ್ಗದಂಥ ಊರಿನಲ್ಲಿಯೂ ಇದ್ದಾರೆ. ಅವರಿಗೆ ಉಪಯೋಗವಾಗಲೆಂದು ಹಾವಿನ ಉಸಿರಾಟದ ತೊಂದರೆಗಳ ಕುರಿತು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿಯನ್ನು ಬರೆಯುತ್ತಿದ್ದು, ಅದರಲ್ಲಿ ಬರುವ ಕೆಲವು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ಕಾಡಿನ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಹೆಬ್ಬಾವಿನಂತೆ ವನ್ಯಜೀವಿಗಳ ವ್ಯಾಪಾರದ ಕುರಿತ ಅಂತಾರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ಹಾವುಗಳನ್ನು ನೋಂದಾಯಿಸಲೇಬೇಕೆಂದು ಅದೇ ಕಾಯ್ದೆಯ 2022ರ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಇಲ್ಲಿ ‘ಸಾಕು ಹಾವು’ ಎಂದಿರುವುದನ್ನು ಕಾನೂನಿಗೆ ಒಳಪಟ್ಟು ಸಾಕಿದ ವಿದೇಶಿ ಹಾವು ಎಂದೇ ತಿಳಿಯಬೇಕು.

ಮೊದಲ ತೊಡಕು ಸದ್ದಿನದು. ಹಾವು ಎಂದೊಡನೆ ನಮ್ಮ ಬಾಯಿಗೆ ಬರುವುದು ‘ಬುಸುಗುಟ್ಟು’; ಗ್ರಂಥಭಾಷೆಯಲ್ಲಾದರೆ ‘ಫೂತ್ಕಾರ’. ಎದುರಿಗಿರುವವರನ್ನು ಬೆದರಿಸಲು ಹಾವು ಬೇಕೆಂದೇ ಗಾಳಿಯನ್ನು ರಭಸದಿಂದ ಹೊರಗೆ ನೂಕುವ ಸದ್ದಿಗೆ ಇವೆರಡೂ ಸಲ್ಲುತ್ತವೆ. ಅಡಿಕೆ ತೋಟದ ಸೊಪ್ಪಿನ ನಡುವೆ ಕೊಳಕುಮಂಡಲ ಬುಸುಗುಟ್ಟಿದ್ದನ್ನು ಕೇಳಿದವರು ಅದನ್ನು ಪ್ರೆಶರ್ ಕುಕ್ಕರಿನ ಸದ್ದಿಗೆ ಹೋಲಿಸುವುದುಂಟು. ಕಾಯಿಲೆಯ ಸದ್ದಿನ ಸ್ವಭಾವವೇ ಬೇರೆ. ಯಾರೂ ಮುಟ್ಟದಿರುವಾಗ, ಹಾವು ಸುರುಳಿ ಸುತ್ತಿ ಸುಮ್ಮನೆ ಮಲಗಿರುವಾಗ, ಕಿವಿಗೊಟ್ಟು ಆಲಿಸಿದರೆ ಮಾತ್ರ ಅದು ಉಸಿರುಸಿರಿಗೂ ಕೇಳಿಸುತ್ತದೆ: ಕೆಲವೊಮ್ಮೆ ಮೂಗಿನಿಂದ ಸುಂಯ್ ಎಂದು, ಲೋಳೆ ತುಂಬಿದ್ದರೆ ಗೊರಗೊರ ಎಂದು, ಇನ್ನು ಕೆಲವೊಮ್ಮೆ ಚಟ್ ಚಟ್ ಎಂದು. ‘ಹಾವು ಬುಸುಗುಟ್ಟುತ್ತಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ’ ಎಂದು ಬರೆದರೆ ಜನ ಸಿಟ್ಟಿಗೆದ್ದ ಹಾವನ್ನೆಲ್ಲ ಆಸ್ಪತ್ರೆಗೆ ಹೊತ್ತೊಯ್ದಾರು. ನಿಜವಾಗಿ ನರಳುತ್ತಿರುವ ಹಾವು ಪೆಟ್ಟಿಗೆಯ ಮೂಲೆಯಲ್ಲಿಯೇ ಉಳಿದೀತು.

‘ಉಬ್ಬಸ’, ‘ಗೂರಲು’, ‘ದಮ್ಮು’ ಎಂಬವು ಹತ್ತಿರದ ಪದಗಳೇನೋ ಹೌದು. ಆದರೆ ಅವು ಮನುಷ್ಯರ ಅಸ್ತಮಾಕ್ಕೆ ಎಷ್ಟು ಅಂಟಿಕೊಂಡಿವೆಯೆಂದರೆ, ಓದುಗರು ಅದನ್ನು ವರ್ಷಗಟ್ಟಲೆ ಬಂದು ಹೋಗುವ ಹಳೆಯ ಕಾಯಿಲೆಯೆಂದೇ ಭಾವಿಸುವ ಸಂಭವವಿದೆ. ‘ಏದುಸಿರು’ ಎಂದರೆ ಓಡಿ ದಣಿದ ಚಿತ್ರ ಬರುತ್ತದೆ. ಒಣ ಸದ್ದಿಗೆ ‘ಸುಂಯ್‌ಗುಟ್ಟು’, ಹಸಿ ಸದ್ದಿಗೆ ‘ಗೊರಗುಟ್ಟು’ ಎಂದು ಬೇರ್ಪಡಿಸಿ ಬಳಸುವುದು ನನಗೆ ಸರಿಯೆನಿಸುತ್ತದೆ. ಈ ಭೇದಕ್ಕೆ ಕಾರಣವಿದೆ. ಪೊರೆ ಬಿಡುವ ದಿನಗಳಲ್ಲಿ ಹೊಳ್ಳೆಯೊಳಗೆ ಪೊರೆಯ ಚೂರು ಸಿಕ್ಕಿಕೊಂಡರೆ ಆರೋಗ್ಯವಾಗಿರುವ ಹಾವೂ ಸುಂಯ್‌ಗುಟ್ಟುತ್ತದೆ. ಪೊರೆ ಪೂರ್ತಿ ಕಳಚಿದ ಮೇಲೆ ಆ ಸದ್ದು ಸಾಮಾನ್ಯವಾಗಿ ನಿಲ್ಲುತ್ತದೆ. ಗೊರಗುಟ್ಟುವುದು ಹಾಗೆ ತಾನಾಗಿ ನಿಲ್ಲುವಂಥದಲ್ಲ. ಆದರೆ ‘ಗೊರಗುಟ್ಟು’ ಎಂದಾಗ ‘ಗೊರಕೆ’ ನೆನಪಾಗಿ, ಹಾವು ಸುಖವಾಗಿ ನಿದ್ದೆ ಮಾಡುತ್ತಿದೆಯೆಂದು ಯಾರಾದರೂ ಓದಿಕೊಂಡಾರೇ ಎಂಬ ಅಳುಕು ಉಳಿದಿದೆ.

‘ಕೆಮ್ಮು’ ಎಂಬ ಪದವನ್ನು ಮಾತ್ರ ಕೈಬಿಡುವುದೇ ಲೇಸು. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಹಾವಿಗಿಲ್ಲ. ಪಕ್ಕೆಲುಬುಗಳ ಸ್ನಾಯುಗಳಿಂದಲೇ ಅದು ಉಸಿರಾಡುತ್ತದೆ. ಹೆಚ್ಚಿನ ಹಾವುಗಳಲ್ಲಿ ಬಲಗಡೆಯ ಶ್ವಾಸಕೋಶವೊಂದೇ ಉದ್ದವಾಗಿ ಬೆಳೆದಿದ್ದು, ಎಡಗಡೆಯದು ತೀರ ಚಿಕ್ಕದು ಅಥವಾ ಇಲ್ಲವೇ ಇಲ್ಲ. ಹೆಬ್ಬಾವಿನ ಕುಲದವುಗಳಲ್ಲಿ ಮಾತ್ರ ಎಡಗಡೆಯದೂ ಸಾಕಷ್ಟು ಉಳಿದಿದೆ. ಇಂಥ ದೇಹದೊಳಗೆ ಸೇರಿದ ಕಫವನ್ನು ನಮ್ಮಂತೆ ಕೆಮ್ಮಿ ಹೊರಹಾಕಲು ಹಾವಿಗೆ ಆಗುವುದಿಲ್ಲ. ಹಾವು ಕೆಮ್ಮುತ್ತಿಲ್ಲವಲ್ಲ ಎಂದು ಸಾಕಿದವರು ಸಮಾಧಾನಪಟ್ಟುಕೊಂಡಿರುವಾಗಲೇ ಒಳಗೆ ಕಾಯಿಲೆ ನ್ಯುಮೋನಿಯಕ್ಕೆ ತಿರುಗಿರಬಹುದು.

ಹಾವಿನ ಬಾಯಿಯ ತಳದಲ್ಲಿ, ನಾಲಿಗೆ ಹೊರಬರುವ ಒರೆಯ ಹತ್ತಿರ, ಶ್ವಾಸನಾಳದ ಬಾಯಿ ಒಂದು ಸಣ್ಣ ಸೀಳಿನಂತೆ ತೆರೆದು ಮುಚ್ಚುವುದು ಕಾಣುತ್ತದೆ. ಅದಕ್ಕೆ ‘ಬೆಳಕಿಂಡಿ’ಯ ಜಾಡಿನಲ್ಲಿ ‘ಉಸಿರುಕಿಂಡಿ’ ಎಂದು ಬರೆದಿದ್ದೇನೆ. ಆರೋಗ್ಯವಾಗಿರುವ ಹಾವಿನಲ್ಲಿ ಇದರ ಸುತ್ತಲಿನ ಜಾಗ ನಸುಗೆಂಪಾಗಿ, ತೆಳುವಾದ ಪಸೆಯಿಂದ ಕೂಡಿರುತ್ತದೆ. ಕಾಯಿಲೆಯಾದಾಗ ಪ್ರತಿ ಉಸಿರಿಗೂ ಅಲ್ಲೊಂದು ಗುಳ್ಳೆ ಎದ್ದು ಒಡೆಯುತ್ತದೆ, ಮೇಲಿನ ದವಡೆಗೂ ಕೆಳಗಿನ ದವಡೆಗೂ ನಡುವೆ ಎಳೆ ಎಳೆಯಾಗಿ ಲೋಳೆ ಜಗ್ಗುತ್ತದೆ. ಇದಕ್ಕೆ ‘ಸಿಂಬಳ’, ‘ಗೊಣ್ಣೆ’ ಎಂಬವು ಮೂಗಿಗೇ ಮೀಸಲಾದ ಪದಗಳು, ‘ಜೊಲ್ಲು’ ಕಾಯಿಲೆಯಿಲ್ಲದೆಯೂ ಸುರಿಯುವಂಥದು. ‘ಲೋಳೆ’ ಎಂಬುದೇ ಸಾಕು.

ಭಂಗಿಯ ಮಾತಿಗೆ ಬಂದರೆ, ಉಸಿರಿಗಾಗಿ ಕಷ್ಟಪಡುವ ಹಾವು ಕತ್ತನ್ನು ನೀಳವಾಗಿ ಮೇಲಕ್ಕೆ ಚಾಚಿ, ಬಾಯಿಯನ್ನು ಅರೆ ತೆರೆದು ಕೂರುತ್ತದೆ. ಇದನ್ನು ‘ಹೆಡೆ ಎತ್ತಿದೆ’ ಎನ್ನುವವರಿದ್ದಾರೆ. ಹೆಡೆ ಇರುವುದು ನಾಗರಹಾವು, ಕಾಳಿಂಗಗಳಿಗೇ ಹೊರತು ಬಾಲ್ ಪೈಥಾನಿಗಲ್ಲ, ‘ತಲೆ ಎತ್ತಿ ಹಿಡಿದಿದೆ’ ಎಂದರಾಯಿತು. ‘ಆಕಳಿಕೆ’ಯನ್ನೂ ಎಚ್ಚರದಿಂದ ಬಳಸಬೇಕು, ಏಕೆಂದರೆ ಇಲಿ ನುಂಗಿದ ಮೇಲೆ ದವಡೆಯನ್ನು ಸರಿಪಡಿಸಿಕೊಳ್ಳಲು ಹಾವು ನಿಜಕ್ಕೂ ಆಕಳಿಸುತ್ತದೆ, ಅದು ರೋಗವಲ್ಲ; ಊಟದ ಸಂಬಂಧವಿಲ್ಲದೆ ಮತ್ತೆ ಮತ್ತೆ ಬಾಯಿ ತೆರೆಯುವುದು ರೋಗದ ಸೂಚನೆ.

ನನ್ನನ್ನು ಹೆಚ್ಚು ಕಾಡಿರುವುದು ‘ಶೀತ’ ಮತ್ತು ‘ಥಂಡಿ’. ‘ಹಾವಿಗೆ ಶೀತವಾಗಿದೆ’ ಎಂಬ ವಾಕ್ಯ ಸಹಜವಾಗಿಯೇ ಇದೆ, ಆದರೆ ಕನ್ನಡಿಗರಿಗೆ ಶೀತವೆಂದರೆ ಕಷಾಯ ಕುಡಿದು ನಾಲ್ಕು ದಿನ ಕಾದರೆ ಹೋಗುವಂಥದು. ಕಾಯುವುದೇ ಇಲ್ಲಿ ಅಪಾಯ. ‘ಥಂಡಿ’ಯ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು: ಮಲೆನಾಡಿನ ಮಾತಿನಲ್ಲಿ ಥಂಡಿಯೆಂದರೆ ತಂಪೂ ಹೌದು, ತೇವವೂ ಹೌದು. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಸುತ್ತಿನವರಿಗೆ ಇವೆರಡನ್ನು ಬೇರೆ ಮಾಡುವ ಅಗತ್ಯವೇ ಬಂದಿರಲಿಕ್ಕಿಲ್ಲ. ಆದರೆ ಹಾವು ಸಾಕುವವರು ಬೇರೆ ಮಾಡಲೇಬೇಕು. ಬಾಲ್ ಪೈಥಾನಿಗೆ ಹದವಾದ ತೇವ ಬೇಕು, ತೀರ ಒಣಗಾಳಿ ಅದಕ್ಕೆ ಆಗುವುದಿಲ್ಲ. ಕೆಡುಕು ಮಾಡುವುದು ಗಾಳಿಯಾಡದ ಪೆಟ್ಟಿಗೆಯಲ್ಲಿ ತೇವ ಮತ್ತು ತಂಪು ಒಟ್ಟುಗೂಡಿ ನಿಂತಾಗ. ಅದರ ಪೆಟ್ಟಿಗೆಯ ಒಂದು ಕೊನೆ ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಆಷಾಢದ ಮಳೆಗೆ ಮರ ಉರುಳಿ ಲೈನು ಹರಿದು ಕರೆಂಟು ಹೋಗುವುದು ತೀರ್ಥಹಳ್ಳಿ, ಹೊಸನಗರಗಳ ಕಡೆ ಹೊಸದೇನಲ್ಲ. ಆಗ ಪೆಟ್ಟಿಗೆಯ ಹೀಟರು ಆರಿ, ಹಾವಿನ ಮೈ ತಣ್ಣಗಾಗಿ, ರೋಗ ನಿರೋಧಕ ಶಕ್ತಿ ಕುಗ್ಗಿ, ಅಲ್ಲಿಯವರೆಗೆ ಸುಮ್ಮನಿದ್ದ ಬ್ಯಾಕ್ಟೀರಿಯ ಶ್ವಾಸಕೋಶದಲ್ಲಿ ಹೆಚ್ಚಿಕೊಳ್ಳುತ್ತದೆ. ಆದ್ದರಿಂದ ‘ಥಂಡಿ ತಾಗದಂತೆ ನೋಡಿಕೊಳ್ಳಿ’ ಎಂದು ಬರೆಯದೆ, ‘ತಂಪಾಗಲು ಬಿಡಬೇಡಿ, ತೇವವನ್ನು ಅಳೆದು ನೋಡಿ’ ಎಂದು ಒಡೆದು ಬರೆಯಬೇಕೆಂಬುದು ನನ್ನ ತೀರ್ಮಾನ.

ಇದಕ್ಕೆ ಹೊಂದಿಕೊಂಡದ್ದು ‘ಬೆಚ್ಚಗಿಡಿ’ ಎಂಬ ಸೂಚನೆ. ಇದನ್ನು ಓದಿದವರು ಪೆಟ್ಟಿಗೆಗೆ ಕಂಬಳಿ ಹೊದಿಸಿ ನಿಶ್ಚಿಂತರಾಗುವುದು ಖಂಡಿತ. ಕಂಬಳಿ ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈಯ ಬಿಸಿಯನ್ನೇ ಹಿಡಿದಿಟ್ಟು. ಹಾವಿನ ಮೈ ತನ್ನನ್ನು ಬೆಚ್ಚಗಿಡುವಷ್ಟು ಬಿಸಿಯನ್ನು ಉತ್ಪಾದಿಸುವುದಿಲ್ಲವಾದ್ದರಿಂದ ಹಿಡಿದಿಡಲು ಅಲ್ಲಿ ಏನೂ ಇರುವುದಿಲ್ಲ. ಹಾಗಾಗಿ ‘ಹೊರಗಿನಿಂದ ಬಿಸಿ ಒದಗಿಸಿ’ ಎಂದು ಬರೆದು, ಕರೆಂಟಿಲ್ಲದಾಗ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡುವುದನ್ನು ಸೇರಿಸಿದ್ದೇನೆ. ಬಚ್ಚಲೊಲೆಯ ಹತ್ತಿರ ಇಡುವವರಿಗೆ ಹೊಗೆಯೂ ಶ್ವಾಸಕೋಶಕ್ಕೆ ಕೆಡುಕೆಂದು ಹೇಳದೆ ವಿಧಿಯಿಲ್ಲ. ನೀಲಗಿರಿ ಎಣ್ಣೆ ಹಚ್ಚುವುದಂತೂ ಕೂಡದು.

ಕಾಯಿಲೆಗೆ ‘ಶ್ವಾಸಕೋಶದ ಸೋಂಕು’ ಎಂಬ ಹೆಸರು ಪತ್ರಿಕೆಗಳಲ್ಲಿ ರೂಢಿಯಾಗಿದೆ. ಆದರೆ ಸದ್ದು, ಲೋಳೆಗಳನ್ನು ಕಂಡ ಮಾತ್ರಕ್ಕೆ ಕಾರಣ ಗೊತ್ತಾಗುವುದಿಲ್ಲ. ಅದು ಬ್ಯಾಕ್ಟೀರಿಯ ಆಗಿರಬಹುದು, ಶ್ವಾಸಕೋಶದ ಹುಳುವಾಗಿರಬಹುದು, 2014ರಲ್ಲಿ ಬಾಲ್ ಪೈಥಾನುಗಳಲ್ಲಿ ವರದಿಯಾದ ನಿಡೋವೈರಸ್ ಆಗಿರಬಹುದು, ಬರಿಯ ಪೊರೆಯ ಚೂರೂ ಆಗಿರಬಹುದು. ಸಾಕಿದವರ ಕಣ್ಣಿಗೆ ಬೀಳುವುದನ್ನು ‘ಉಸಿರಾಟದ ತೊಂದರೆ’ ಎಂದೂ, ವೈದ್ಯರು ಲೋಳೆಯನ್ನು ಪರೀಕ್ಷೆಗೆ ಕಳಿಸಿ ಹೇಳಿದ ಮೇಲೆ ಮಾತ್ರ ‘ಸೋಂಕು’ ಎಂದೂ ಕರೆಯುವುದು ಉಚಿತ. ಮನೆಯಲ್ಲಿ ಬೇರೆ ಹಾವುಗಳಿದ್ದರೆ ತೊಂದರೆ ಕಂಡ ದಿನವೇ ಇದನ್ನು ಬೇರೆ ಕೋಣೆಗೆ ಸಾಗಿಸಬೇಕು, ಇದರ ನೀರಿನ ಬಟ್ಟಲನ್ನು ಅವಕ್ಕೆ ಇಡಬಾರದು. ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಒಳ್ಳೆಯದು, ವೈದ್ಯರ ಮೇಜಿನ ಮೇಲೆ ಹಾವು ಬಹುಪಾಲು ಬುಸುಗುಟ್ಟುತ್ತದೆಯೇ ವಿನಾ ಗೊರಗುಟ್ಟಿ ತೋರಿಸುವುದಿಲ್ಲ.

ಔಷಧದ ಭಾಗದಲ್ಲಿ ಒಂದೇ ಸಂದೇಹ. ಹಾವಿನ ದೇಹ ಔಷಧವನ್ನು ಬಹಳ ನಿಧಾನವಾಗಿ ಹೊರಹಾಕುವುದರಿಂದ ಬ್ಯಾಕ್ಟೀರಿಯವನ್ನು ಕೊಲ್ಲುವ ಸೆಫ್ಟಾಜಿಡಿಮ್‌ನಂಥ ಚುಚ್ಚುಮದ್ದನ್ನು ತೂಕ ನೋಡಿ 72 ಗಂಟೆಗೊಮ್ಮೆ ಕೊಡುವುದಿದೆ. ಇದನ್ನು ‘ಮೂರು ದಿನಕ್ಕೊಮ್ಮೆ’ ಎಂದು ಬರೆದಾಗ, ಮಾತ್ರೆಯೆಂದರೆ ದಿನಕ್ಕೆ ಮೂರು ಹೊತ್ತು ಎಂದು ರೂಢಿಯಾಗಿರುವ ಓದುಗರೊಬ್ಬರು ‘ದಿನಕ್ಕೆ ಮೂರು ಸಲ’ ಎಂದೇ ಓದಿದರು. ‘ಎರಡು ದಿನ ಬಿಟ್ಟು ಮೂರನೆಯ ದಿನ’ ಎಂದರೆ ಸ್ಪಷ್ಟವಾಗುತ್ತದೆಯೇ, ಅಥವಾ ‘ಸೋಮವಾರ ಕೊಟ್ಟರೆ ಮತ್ತೆ ಗುರುವಾರ’ ಎಂದು ವಾರದ ಹೆಸರನ್ನೇ ಹಾಕಬೇಕೇ? ‘ಗೊರಗುಟ್ಟು’ ಪದಕ್ಕೆ ಸಾಗರ, ಸೊರಬ, ಕೊಪ್ಪ, ಶೃಂಗೇರಿಗಳ ಕಡೆ, ವಿಶೇಷವಾಗಿ ದನಕರುಗಳ ಗಂಟಲಿನ ಸದ್ದನ್ನು ಹೇಳುವಾಗ, ಬೇರೆ ಮಾತು ಬಳಕೆಯಲ್ಲಿದ್ದರೆ ಉದಾಹರಣೆಯ ವಾಕ್ಯದೊಂದಿಗೆ ತಿಳಿಸಬೇಕೆಂದು ವಿನಂತಿ.