ಮೆದುಳು ಜ್ವರ ಗುಣವಾಯಿತು, ಕಿವಿ ಪರೀಕ್ಷೆ ಈಗಲೇ ಬೇಕಾ?

ನಮ್ಮದು ಬ್ರಹ್ಮಾವರದ ಹತ್ತಿರ. ಮಗಳಿಗೆ 11 ತಿಂಗಳು. ಹೋದ ತಿಂಗಳು ಜ್ವರ, ವಾಂತಿ, ಆಮೇಲೆ ಫಿಟ್ಸ್. ಬೆನ್ನಿನಿಂದ ನೀರು ತೆಗೆದು ನೋಡಿ ನ್ಯುಮೋಕಾಕಸ್ ಮೆನಿಂಜೈಟಿಸ್, ಅಂದರೆ ನ್ಯುಮೋಕಾಕಸ್ ಅನ್ನುವ ರೋಗಾಣುವಿನಿಂದ ಬರುವ ಮೆದುಳು ಜ್ವರ ಅಂದರು. 14 ದಿನ ಇಂಜೆಕ್ಷನ್ ಆಗಿ ಮನೆಗೆ ಬಂದೆವು. ಈಗ ನಗುತ್ತಾಳೆ, ಗಂಜಿ ತಿನ್ನುತ್ತಾಳೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಬೆರಾ’ (ಕಿವಿ ಕೇಳುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿಸಿ ಅಂತ ಉಂಟು. ಅತ್ತೆ, "ಕರೆದರೆ ತಿರುಗುತ್ತಾಳಲ್ಲ, ಪಾಪದ ಮಗುವಿಗೆ ಇನ್ನು ಕಷ್ಟ ಬೇಡ, ಮಳೆ ಮುಗಿಯಲಿ" ಅನ್ನುತ್ತಾರೆ. ಎಂತ ಮಾಡುವುದು?

ಉತ್ತರ (ಕುಂದಾಪುರ):
ಬೆರಾದಲ್ಲಿ ಸೂಜಿ ಚುಚ್ಚುವುದಿಲ್ಲ. ತಲೆಗೆ ವೈರ್ ಅಂಟಿಸಿ, ಮಗು ನಿದ್ದೆಯಲ್ಲಿರುವಾಗ ಶಬ್ದ ಕೇಳಿಸಿ ನೋಡುವುದು, ಅಷ್ಟೇ.

ಉತ್ತರ (ಸುರತ್ಕಲ್):
ತಂಗಿ, ದಯವಿಟ್ಟು ಮಳೆ ಮುಗಿಯುವವರೆಗೆ ಕಾಯಬೇಡ. ನನ್ನ ಮಗನಿಗೆ 9 ತಿಂಗಳಲ್ಲಿ ಇದೇ ಕಾಯಿಲೆ ಬಂದಿತ್ತು. ಅವನೂ ತಿರುಗುತ್ತಿದ್ದ. ಒಂದು ದಿನ ಅಡುಗೆಮನೆಯ ನೆಲದಲ್ಲಿ ಕೂತು ಚಮಚ ಹಿಡಿದು ಆಡುತ್ತಿದ್ದ, ಬೆನ್ನ ಹಿಂದೆಯೇ ಕುಕ್ಕರ್ ಕೂಗಿತು. ಅವನ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಒಂದು ಹೆಜ್ಜೆ ಇಟ್ಟೆ, ನೆರಳು ಬಿತ್ತು, ತಕ್ಷಣ ತಿರುಗಿ ನಕ್ಕ. ಅಷ್ಟು ದಿನ ಅವನು ತಿರುಗುತ್ತಿದ್ದದ್ದು ನೆರಳಿಗೆ, ನನ್ನ ದನಿಗಲ್ಲ.

ಆಗಲೇ ಆರು ವಾರ ದಾಟಿತ್ತು. ಮೆದುಳಿನ ಸುತ್ತಲಿನ ಸೋಂಕು ಒಳಕಿವಿಗೂ ಇಳಿಯುತ್ತದಂತೆ. ಅಲ್ಲಿ ಉರಿಯೂತ ಆರಿದ ಜಾಗದಲ್ಲಿ ಎಲುಬು ಬೆಳೆಯಲು ಶುರುವಾದರೆ ಕಾಕ್ಲಿಯರ್ ಇಂಪ್ಲಾಂಟಿನ (ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಒಳಕಿವಿಗೆ ಹಾಕುವ ಸಾಧನ) ತಂತಿ ಒಳಗೆ ಹೋಗುವುದೇ ಕಷ್ಟ. ಕೆಲವು ಮಕ್ಕಳಲ್ಲಿ ಇದು ವಾರಗಳಲ್ಲೇ ಶುರುವಾಗುತ್ತದೆ. ನನ್ನ ಮಗನ ಎಡಗಿವಿ ಸ್ಕ್ಯಾನ್‌ನಲ್ಲಿ ಆಗಲೇ ಮುಚ್ಚುತ್ತಾ ಬಂದಿತ್ತು. ಬಲಗಿವಿಗೆ ಗಡಿಬಿಡಿಯಲ್ಲಿ ಆಪರೇಷನ್ ಆಯಿತು. ಈಗ ಐದು ವರ್ಷ, ಹಂಚಿನ ಮೇಲೆ ಮಳೆ ಬಿದ್ದರೆ ನನಗಿಂತ ಮೊದಲು ಅವನೇ ಹೇಳುತ್ತಾನೆ. ಎಡಗಿವಿಯ ಆ ಆರು ವಾರ ಮಾತ್ರ ನನ್ನನ್ನು ಇವತ್ತಿಗೂ ಸುಡುತ್ತದೆ.

ನಿನ್ನ ಮಗುವಿಗೆ ಏನೂ ಆಗದೆಯೂ ಇರಬಹುದು. ಎಲ್ಲರಿಗೂ ಕಿವಿ ಹೋಗುವುದಿಲ್ಲ. ಆದರೆ ಅದು ಮನೆಯಲ್ಲಿ ಚಪ್ಪಾಳೆ ತಟ್ಟಿ ತಿಳಿಯುವ ವಿಷಯ ಅಲ್ಲ.

ಉತ್ತರ (ಉಡುಪಿ, ಆಶಾ ಕಾರ್ಯಕರ್ತೆ):
ತಾಯಿ ಕಾರ್ಡ್ ತೆಗೆದು ಪಿಸಿವಿ ಲಸಿಕೆ (ಇದೇ ನ್ಯುಮೋಕಾಕಸ್‌ಗೆ ಕೊಡುವುದು) ನೋಡಿ. 6 ವಾರ, 14 ವಾರ, 9 ತಿಂಗಳು, ಹೀಗೆ ಮೂರು ಸಲ. ಸರಕಾರದಲ್ಲಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ಇಡೀ ದೇಶಕ್ಕೆ ಬಂತು, ದುಡ್ಡು ಕೊಡಬೇಕಾಗಿಲ್ಲ. ಕಾಯಿಲೆ ಬಂದು ಹೋಯಿತು ಅಂತ ಬಿಡಬೇಡಿ. ಈ ರೋಗಾಣುವಿನಲ್ಲಿ ತುಂಬಾ ಬಗೆ ಉಂಟು, ಇನ್ನೊಂದು ಬಗೆ ತಾಗಬಹುದು. ಉಳಿದ ಡೋಸ್ ಯಾವಾಗ ಅಂತ ಡಾಕ್ಟರಲ್ಲಿ ಕೇಳಿ.

ಕೇಳಿದವಳು:
9 ತಿಂಗಳದ್ದು ಶೀತ ಇತ್ತು ಅಂತ ಬಿಟ್ಟಿದ್ದೆವು. ಸುರತ್ಕಲ್ ಅಕ್ಕ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಮಗುವಿನ ಹಿಂದೆ ನಿಂತು ಮೆಲ್ಲ ಕರೆದರು, ಮತ್ತೆ ಕರೆದರು. ಮಂಗಳವಾರ ಬೆಳಿಗ್ಗೆ ಬೆರಾ ಉಂಟು, ಅತ್ತೆಯೂ ಬರುತ್ತಾರೆ.